ಅಪ್ಪನ ಹೆಸರಿಗೆ ಬಂದ ಕೋವಿ

ನಮ್ಮ ಮನೆಯ ನಡುಮನೆಯಿಂದ ಹಿತ್ತಿಲಿಗೆ ಹೋಗುವ ದಾರಿಯಲ್ಲಿ ಒಂದು ಕಿರಿದಾದ ಕೋಣೆಯಿತ್ತು. ಅದಕ್ಕೆ ಕಿಟಕಿ ಇರಲಿಲ್ಲ, ಹಗಲಲ್ಲೂ ದೀಪ ಹಾಕಿಕೊಂಡೇ ಒಳಗೆ ಹೋಗಬೇಕು. ರಾಗಿ ತುಂಬಿದ ವಾಡೆ, ಹುಣಸೆಹಣ್ಣಿನ ಮಡಕೆ, ಅತ್ತೆಯ ಟ್ರಂಕು, ಅದರ ಮೇಲೆ ಮಡಿಸಿಟ್ಟ ಕಂಬಳಿಗಳು, ಗೋಡೆಯ ಮೂಲೆಯಲ್ಲಿ ಹಳೇ ಸೀರೆ ಸುತ್ತಿ ನಿಲ್ಲಿಸಿದ ಕೋವಿ. ನಾನು ಅತ್ತೆಯ ಪಕ್ಕದಲ್ಲಿ ಮಲಗಿ ಬೆಳೆದದ್ದು ಆ ಕೋಣೆಯಲ್ಲಿ. ಅಲ್ಲಿ ಯಾವಾಗಲೂ ಹೊಲಿಗೆ ಮಿಷಿನ್ನಿಗೆ ಬಿಡುವ ಎಣ್ಣೆಯ ವಾಸನೆ ಇರುತ್ತಿತ್ತು. ನಮ್ಮ ಮನೆಯಲ್ಲಿ ಹೊಲಿಗೆ ಮಿಷಿನ್ನಿರಲಿಲ್ಲ. ಅತ್ತೆ ನಂಜನಗೂಡಿಗೆ ಹೋದಾಗಲೆಲ್ಲ ಆ ಎಣ್ಣೆಯ ಸಣ್ಣ ಡಬ್ಬಿ ತಂದು, ಕಬ್ಬಿಣದ ಕಡ್ಡಿಗೆ ಬಟ್ಟೆ ಸುತ್ತಿ, ನಳಿಗೆಯ ಒಳಗೆಲ್ಲ ಬಿಟ್ಟು ಒರೆಸುತ್ತಿದ್ದಳು. ಅಜ್ಜಿಯ ತಲೆಗೆ ಎಣ್ಣೆ ಹಚ್ಚುವಾಗಲೂ ಅವಳು ಅಷ್ಟು ನಿಧಾನ ಮಾಡಿದ್ದನ್ನು ನಾನು ಕಂಡಿಲ್ಲ.

ಅತ್ತೆಯ ಹೆಸರು ಚಿಕ್ಕತಾಯಮ್ಮ, ನಮ್ಮ ಅಪ್ಪನ ಅಕ್ಕ. ಅವಳನ್ನು ದೂರದ ಊರಿಗೆ ಕೊಟ್ಟಿರಲಿಲ್ಲ, ನಮ್ಮೂರಿನದೇ ಕೆಳಗಲ ಬೀದಿಗೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಮಾವ ತೀರಿಕೊಂಡರು. ಅವರ ಪಾಲಿಗೆ ಬಂದಿದ್ದ ಗುಡ್ಡದ ಬುಡದ ಹೊಲ ಅತ್ತೆಗೆ ಉಳಿಯಿತು. ಬೆಳೆ ಕಾಯುವುದಕ್ಕೆಂದು ಮಾವ ಲೈಸೆನ್ಸು ಪಡೆದಿದ್ದ ಒಂಟಿ ನಳಿಗೆಯ ಕೋವಿಯೂ ಅವಳ ಹೆಸರಿಗೆ ಬಂತು. ಅವಳು ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು, ಕೋವಿಯನ್ನು ಕಂಕುಳಲ್ಲಿ ಹಿಡಿದುಕೊಂಡು ತವರಿಗೆ ಬಂದಳಂತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ನಾನು ಕಣ್ಣು ಬಿಟ್ಟಾಗ ಅವಳೂ ಕೋವಿಯೂ ಆ ಮನೆಯಲ್ಲಿ ಮೊದಲಿಂದ ಇದ್ದವರ ಹಾಗೇ ಇದ್ದರು.

ಗುಡ್ಡದಿಂದ ಹಂದಿಗಳು ಇಳಿಯುತ್ತಿದ್ದವು. ಕಳ್ಳೆಕಾಯಿ ಬಲಿಯುವ ಕಾಲಕ್ಕೆ ಬಂದರೆ ಹೊಲವನ್ನು ನೇಗಿಲು ಹೂಡಿದ ಹಾಗೆ ಎಬ್ಬಿಸಿ ಹೋಗುತ್ತಿದ್ದವು. ಹಾಗಾಗಿ ಬೆಳೆ ನಿಂತಿರುವಷ್ಟು ಕಾಲ ಅತ್ತೆ ಸಂಜೆ ಮುದ್ದೆ ಉಂಡು, ಕಂಬಳಿ ಹೊದ್ದು, ಹೊಲದ ಬೇವಿನ ಮರಕ್ಕೆ ಕಟ್ಟಿದ ಅಟ್ಟಣೆಗೆ ಹೋಗುತ್ತಿದ್ದಳು. ಬೆಳಗ್ಗೆ ಬಂದು ಸ್ನಾನ ಮಾಡಿ ನನಗೆ ಜಡೆ ಹಾಕುತ್ತಿದ್ದಳು. ಅವಳು ಒಂದು ಹಂದಿಯನ್ನೂ ಕೊಂದವಳಲ್ಲ. ಗುಂಡು ಯಾವಾಗಲೂ ಆಕಾಶಕ್ಕೇ.

“ಕೊಂದ್ರೆ ಕೇಸು. ಸದ್ದು ಸಾಕು ಕಣ್ ಮಗ,” ಅನ್ನುತ್ತಿದ್ದಳು. “ಅಂದಿಗೂ ಮಾನ ಅನ್ನಾದು ಅದೆ. ಒಂದ್ಸಲ ಗದರ್ಸುದ್ರೆ ಓಯ್ತದೆ.”

ಎಲೆಕ್ಷನ್ ಬಂದರೆ ಸುತ್ತಲಿನ ಊರಿನ ಲೈಸೆನ್ಸುದಾರರೆಲ್ಲ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು, ಎಲೆಕ್ಷನ್ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಒಂದು ಸಲ ಅತ್ತೆ ನನ್ನನ್ನೂ ನರಸೀಪುರಕ್ಕೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಕೋವಿಗೆ ಸೀರೆ ಸುತ್ತಿ ಮಡಿಲ ಮೇಲೆ ಅಡ್ಡ ಮಲಗಿಸಿಕೊಂಡಿದ್ದಳು. ಪಕ್ಕದ ಹೆಂಗಸು ಏನದು ಎಂದು ಕೇಳಿದ್ದಕ್ಕೆ ಒನಕೆ ಅಂದಳು. ಠಾಣೆಯ ಮುಂದೆ ಮೀಸೆ ತಿರುವಿದ ಗೌಡರುಗಳು ಕೋವಿಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅವರ ನಡುವೆ ಅತ್ತೆ ಸೆರಗು ಹೊದ್ದು, ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ನಿಂತಿದ್ದಳು. ಆವತ್ತು ನನಗೆ ಆಗಿದ್ದ ಹೆಮ್ಮೆ ಆಮೇಲೆ ಯಾವ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ಅಟ್ಟಣೆಯ ಮೇಲೆ ಅತ್ತೆ ಮಾತಾಡುತ್ತಿದ್ದಳು. ಮಾವನ ಜೊತೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳೇ ಹೇಳಿದ್ದಳು. ಒಬ್ಬಳೇ ಕೂತರೆ ನಿದ್ದೆ ಬರುತ್ತದೆ, ಯಾರ ಜೊತೆಯಾದರೂ ಮಾತಾಡಬೇಕಲ್ಲ, ಅವರೇ ವಾಸಿ, ಎದುರು ಮಾತಾಡುವುದಿಲ್ಲ ಎಂದು. ಬೆಳಗಿನ ಊಟಕ್ಕೆ ಅಡುಗೆಮನೆಯಲ್ಲಿ ಸಾಲಾಗಿ ಕೂತಾಗ ಅದು ನಮಗೆ ಉಪ್ಪಿನಕಾಯಿಯ ಹಾಗೆ. ಅಪ್ಪ ಮುದ್ದೆ ಮುರಿಯುತ್ತಾ ಕೇಳುತ್ತಿದ್ದ.

“ಏನಂದ್ರಕ್ಕ ಭಾವ, ನೆನ್ನೆ?”

“ನಿನ್ ತಮ್ಮಂಗೆ ವಸಿ ಬುದ್ಧಿ ಏಳು ಅಂದ್ರು.”

ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದಳು. ಅವ್ವ ಸೌಟು ಹಿಡಿದುಕೊಂಡೇ ನಗುತ್ತಿದ್ದಳು. ಬಸ್ಸಾರಿನ ಜೊತೆ ಆ ನಗುವನ್ನೂ ಉಂಡು ನಾನು ಸ್ಕೂಲಿಗೆ ಹೋಗುತ್ತಿದ್ದೆ.

ಅಪ್ಪನೆಂದರೆ ನನಗೆ ಪ್ರಾಣ. ಊರಿನಲ್ಲಿ ಪಿಯುಸಿವರೆಗೆ ಓದಿದ್ದ ಕೆಲವರಲ್ಲಿ ಅವನೂ ಒಬ್ಬ. ಯಾರ ಮೇಲೂ ಕೈ ಎತ್ತಿದವನಲ್ಲ. ಅವನ ದನಿ ಬಹಳ ಮೆದು. ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಆ ದನಿಯಲ್ಲಿ ಏನೋ ಹೇಳುತ್ತಿದ್ದರೆ ಮಾತ್ರೆಗಿಂತ ಮೊದಲು ಅದೇ ಕೆಲಸ ಮಾಡುತ್ತಿತ್ತು. ಮೊದಲನೇ ಬಸ್ಸಿಗೆ ಬರುವ ಪೇಪರನ್ನು ಜಗಲಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಒಂದು ದಿನ ಅಮೇರಿಕದ ಸುದ್ದಿ ಬಂದಿತ್ತು. ಅಲ್ಲಿ ಮನೆಮನೆಯಲ್ಲೂ ಕೋವಿ ಇರುತ್ತದೆ, ಅಂಗಡಿಯಲ್ಲಿ ಕೊಂಡು ತರುತ್ತಾರೆ, ಹೆಂಗಸರೂ ಕೈಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಾರೆ ಎಂದು ಓದಿದ. ಅವರೆಕಾಳು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದಳು.

“ಅಲ್ಲೂ ಅಂದಿ ಕಾಟ ಜಾಸ್ತಿಯಾ?”

“ಹಂದಿಗಲ್ಲ ಕಣಕ್ಕ. ಅದು ಅವರ ಹಕ್ಕಂತೆ. ಕೋವಿ ಇದ್ರೆ ಮನುಷ್ಯನಿಗೆ ಒಂದು ತೂಕ. ಯಾರೂ ಕೇಳಂಗಿಲ್ಲ.”

“ಅಂದಿ ಇಲ್ದಿದ್ ಮ್ಯಾಲೆ ಯಾರ್ಗೆ ಎದುರ್ಸಾಕೆ ಮಡಿಕಂಡವ್ರೆ?”

ಅಪ್ಪ ನಕ್ಕು ಪುಟ ತಿರುವಿದ. ಆದರೆ ‘ತೂಕ’ ಎಂದಾಗ ಅವನ ದನಿಯಲ್ಲಿದ್ದ ಆಸೆ ನನಗೆ ಇವತ್ತು ಕೇಳಿಸುತ್ತದೆ. ಅಂದು ಕೇಳಿಸಿರಲಿಲ್ಲ.

ಆ ಆಸೆ ವರ್ಷಕ್ಕೆ ಒಂದೇ ದಿನ ಹೊರಗೆ ಬರುತ್ತಿತ್ತು, ಆಯುಧಪೂಜೆಯ ದಿನ. ಗಂಡ ಸತ್ತವಳು ಪೂಜೆಗೆ ಕೂರುವಂತಿಲ್ಲ ಎಂದು ಅಜ್ಜಿಯ ಕಟ್ಟುನಿಟ್ಟು. ಹಾಗಾಗಿ ಅತ್ತೆ ಕೋವಿಯನ್ನು ಒರೆಸಿ ತಂದು ಅಪ್ಪನ ಕೈಗೆ ಕೊಟ್ಟು ಕದದ ಹಿಂದೆ ನಿಲ್ಲುತ್ತಿದ್ದಳು. ಕುಡಗೋಲು, ನೇಗಿಲು, ಮಚ್ಚು, ಎಲ್ಲದರ ನಡುವೆ ಮಣೆಯ ಮೇಲೆ ಕೋವಿ. ಅಪ್ಪ ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತಿದ್ದ. ಮಂಗಳಾರತಿ ಆದ ಮೇಲೆ ಅದನ್ನು ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದು ಬೀದಿಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಹಾದುಹೋಗುವವರು “ಏನ್ ಗೌಡ್ರೆ, ಜೋರು” ಎಂದರೆ ಅವನ ಕೆನ್ನೆ ಕೆಂಪಾಗುತ್ತಿತ್ತು. ಸಂಜೆಗೆ ಕೋವಿ ಮತ್ತೆ ಅತ್ತೆಯ ಕೋಣೆಗೆ ಹೋಗುತ್ತಿತ್ತು.

ಮನೆ ಒಡೆದದ್ದು ಒಂದು ಮದುವೆಯಿಂದ. ನಂಜನಗೂಡಿನ ಛತ್ರದಲ್ಲಿ ನೆಂಟರ ಮದುವೆ. ದಿಬ್ಬಣ ಬರುವಾಗ ಗಾಳಿಯಲ್ಲಿ ಗುಂಡು ಹಾರಿಸಬೇಕೆಂದು ಗಂಡಿನ ಕಡೆಯವರಿಗೆ ಆಸೆ. ಅಪ್ಪ ಮಾತು ಕೊಟ್ಟುಬಿಟ್ಟಿದ್ದ. ಊಟದ ಹೊತ್ತಿನಲ್ಲಿ ಅದನ್ನು ಹೇಳಿದಾಗ ಅತ್ತೆ ತುತ್ತು ಎತ್ತಿದವಳು ತಟ್ಟೆಗೆ ಇಳಿಸಿದಳು.

“ಲೈಸೆನ್ಸು ಬೆಳೆ ಕಾಯಾಕೆ ಕೊಟ್ಟವ್ರೆ ಕಣಪ್ಪ, ಮದ್ವೆಗಲ್ಲ.”

“ಆಗಲಿ ಅಂದ್ಬುಟ್ಟಿದೀನಿ ಅಕ್ಕ. ಒಂದೇ ಒಂದು ಗುಂಡು.”

“ಯಾರ್ಗಾರ ತಗುಲುದ್ರೆ? ಕೋವಿ ನನ್ನೆಸ್ರಲ್ಲಿ ಅದೆ. ಜೈಲಿಗೆ ನಾನೋಗ್ಬೇಕು.”

“ಅಂದ್ರೆ ನನ್ ಮೇಲೆ ನಂಬಿಕೆ ಇಲ್ವಾ?”

“ನಿನ್ ಮ್ಯಾಲೆ ಅದೆ. ಕೋವಿ ಮ್ಯಾಲಿಲ್ಲ.”

ಅಪ್ಪ ಬರಿಗೈಯಲ್ಲಿ ಮದುವೆಗೆ ಹೋದ. ನಾನೂ ಅವ್ವನ ಜೊತೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತಿದ್ದಾಗ ಎದುರು ಸಾಲಿನ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, “ಇವ್ರ ಮನೆ ಕೋವಿ ಅಕ್ಕನ ಸೆರಗಲ್ಲಿ ಗಂಟಾಕ್ಕೊಂಡು ಕೂತದೆ,” ಅಂದರು. ಇಡೀ ಪಂಕ್ತಿ ನಕ್ಕಿತು. ಅಪ್ಪನೂ ನಕ್ಕ. ಎಲೆಯ ಮೇಲಿದ್ದ ಒಬ್ಬಟ್ಟನ್ನು ಮಾತ್ರ ಅವನು ಮುಟ್ಟಲಿಲ್ಲ.

ಮನೆಗೆ ಬಂದ ಮೇಲೆ ಕೆಲವು ದಿನ ಅವನು ಪೇಪರನ್ನು ತನ್ನಷ್ಟಕ್ಕೇ ಓದಿಕೊಂಡ. ಆಮೇಲೆ ಅತ್ತೆಯ ಜೊತೆ ಹಿಂದೆಂದಿಗಿಂತ ಪ್ರೀತಿಯಿಂದ ಇರತೊಡಗಿದ. ಪೇಟೆಗೆ ಹೋದರೆ ಅವಳಿಗೆಂದು ಚಿಗುರು ವೀಳ್ಯದೆಲೆ ತರುತ್ತಿದ್ದ. ಅಟ್ಟಣೆಯ ಹಗ್ಗ ಸವೆದಿದೆ ಎಂದು ತಾನೇ ಹೋಗಿ ಹೊಸದು ಕಟ್ಟಿದ. ಆ ವರ್ಷ ಎಲೆಕ್ಷನ್ ಬಂದಾಗ, “ನಿಂಗ್ಯಾಕೆ ಬಸ್ಸಲ್ಲಿ ಓಡಾಟ, ನಾನೇ ಇಟ್ಟು ಬತ್ತೀನಿ,” ಅಂದ. ಅತ್ತೆ ತನ್ನ ಸಹಿ ಬೇಕಾಗುತ್ತದೆಂದು ತಾನೂ ಜೊತೆಗೆ ಹೋಗಿ ಬಂದಳು, ಆದರೆ ದಾರಿಯುದ್ದಕ್ಕೂ ಕೋವಿ ಹೊತ್ತವನು ಅಪ್ಪ. “ತಮ್ಮ ದೊಡ್ಡೋನಾದ ಕಣೆ,” ಎಂದು ಅವ್ವನ ಹತ್ತಿರ ಹೇಳಿಕೊಂಡಳು.

ಆ ಹೊತ್ತಿಗೇ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ನವೀಕರಣಕ್ಕೆ ಮುಂಚೆ ಮನೆಗೆ ಬಂದು ವಿಚಾರಿಸುವುದು ವಾಡಿಕೆ. ಒಂದು ಬೆಳಗ್ಗೆ ಸಬ್ ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದರು. ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿದ. ಅಜ್ಜಿ ಕಂಬಕ್ಕೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದಳು. ಅವ್ವ ಕೊಟ್ಟ ಮಜ್ಜಿಗೆಯ ಲೋಟ ಹಿಡಿದು ನಾನು ಹೊರಗೆ ಬಂದಾಗ ಅಪ್ಪ ಹೇಳುತ್ತಿದ್ದ.

“ನಮ್ಮಕ್ಕ ಸಾರ್. ಹೇಳಕ್ಕೂ ಆಗಲ್ಲ, ಬಿಡಕ್ಕೂ ಆಗಲ್ಲ. ಭಾವ ಹೋದ ಮೇಲೆ ಮನಸ್ಸಿಗೆ ಹಚ್ಚಿಕೊಂಡ್ಬುಟ್ಲು. ಹೊಲದಲ್ಲಿ ಒಬ್ಬಳೇ ಅವರ ಜೊತೆ ಮಾತಾಡ್ತಾಳೆ.”

“ಯಾರ ಜೊತೆ?”

“ಸತ್ತೋದ ಭಾವನ ಜೊತೆ.”

ಜ್ವರ ಬಂದಾಗ ನನ್ನ ಹಣೆ ಸವರುತ್ತಿದ್ದ ದನಿಯೇ ಅದು. ಅಷ್ಟೇ ಮೆದು, ಅಷ್ಟೇ ಕನಿಕರ. ಇನ್ಸ್‌ಪೆಕ್ಟರು ಅಜ್ಜಿಯ ಕಡೆ ತಿರುಗಿ ಹೌದೇನಮ್ಮ ಎಂದು ಕೇಳಿದರು. ಅಜ್ಜಿ ಕುಟ್ಟುವುದನ್ನು ನಿಲ್ಲಿಸಲಿಲ್ಲ.

“ಹೂಂ ಸಾ. ಮಾತಾಡ್ತಳೆ.”

ಬಾಗಿಲ ಸಂದಿಯಿಂದ ಅವ್ವನ ದನಿ ಬಂತು. “ಅದು ತಮಾಸೆಗೆ ಸಾ. ಅತ್ತಿಗಮ್ಮ ಸರಿಯಾಗೇ ಅವ್ರೆ.”

“ನೀನು ಒಳಗೋಗು,” ಅಂದ ಅಪ್ಪ.

ಇನ್ಸ್‌ಪೆಕ್ಟರು ನ್ಯಾಯವಾಗಿಯೇ ನಡೆದುಕೊಂಡರು. ಆಕೆಯನ್ನೇ ಕರೆಯಿರಿ, ಕೇಳೋಣ ಅಂದರು. ಹಿತ್ತಿಲಲ್ಲಿ ಬೆರಣಿ ತಟ್ಟುತ್ತಿದ್ದ ಅತ್ತೆ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು.

“ನಿಮ್ಮ ಯಜಮಾನರ ಜೊತೆ ಮಾತಾಡ್ತೀರಂತೆ, ಹೌದಾ?”

ಅತ್ತೆ ಅಪ್ಪನ ಮುಖ ನೋಡಿದಳು. ತಮ್ಮ ಸಾಹೇಬರ ಮುಂದೆ ತನ್ನನ್ನು ಗೇಲಿ ಮಾಡಿದ್ದಾನೆ ಎಂದುಕೊಂಡಳು. ಊಟಕ್ಕೆ ಕೂತಾಗ ಹೇಳುವ ಹಾಗೇ ನಗುತ್ತಾ ಹೇಳಿದಳು.

“ಹೂಂ ಸಾ. ಅವ್ರೇ ವಾಸಿ. ಎದುರು ಮಾತಾಡಕಿಲ್ಲ.”

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಇನ್ಸ್‌ಪೆಕ್ಟರು ತಲೆಯಾಡಿಸಿ, ಸರಿ ನೀವು ಹೋಗಿ ಅಂದರು. ಅತ್ತೆ ಬೆರಣಿ ತಟ್ಟಲು ಹಿತ್ತಿಲಿಗೆ ಹೋದಳು. ನನಗೂ ಅವಳಿಗೂ ಏನೂ ತಿಳಿಯಲಿಲ್ಲ. ಅವ್ವ ಮಾತ್ರ ಆವತ್ತು ಉಣ್ಣಲಿಲ್ಲ.

ಎಲೆಕ್ಷನ್ ಮುಗಿಯಿತು. ಬೇರೆಯವರ ಕೋವಿಗಳು ಮನೆಗೆ ಬಂದವು. ಅತ್ತೆ ಕೇಳಿದಾಗಲೆಲ್ಲ ಅಪ್ಪ, “ಹೇಳಿದೀನಿ, ಬತ್ತದೆ ಇರಕ್ಕ,” ಅನ್ನುತ್ತಿದ್ದ. ಕಳ್ಳೆಕಾಯಿ ಹೂ ಬಿಟ್ಟು, ಕಾಯಿ ಕಟ್ಟುವ ಕಾಲ ಬಂತು. ಒಂದು ಮಧ್ಯಾಹ್ನ ಅಪ್ಪ ಬಸ್ಸಿಳಿದು, ಕೋವಿಗೆ ಬಟ್ಟೆಯನ್ನೂ ಸುತ್ತದೆ ಹೆಗಲಿಗೆ ಹಾಕಿಕೊಂಡು ನಡುಬೀದಿಯಲ್ಲಿ ನಡೆದು ಬಂದ. ಜಗಲಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದ ಅತ್ತೆ ಎದ್ದು ಎರಡೂ ಕೈ ಚಾಚಿದಳು. ಅಪ್ಪ ಅವಳನ್ನು ದಾಟಿ ಒಳಗೆ ಹೋಗಿ, ನಡುಮನೆಯ ಗೋಡೆಗೆ ಮೊಳೆ ಹೊಡೆದು ಕೋವಿಯನ್ನು ತೂಗುಹಾಕಿದ. ನಮ್ಮ ಕೋಣೆಯ ಕಡೆ ಅವನು ತಿರುಗಿಯೂ ನೋಡಲಿಲ್ಲ.

“ನಿನ್ನ ಲೈಸೆನ್ಸು ಮುಂದುವರಿಸಲ್ಲ ಅಂದ್ರು, ನನ್ನ ಹೆಸರಿಗೆ ಮಾಡಿದಾರೆ ಅಕ್ಕ. ಎಲ್ಲಾ ನಿನ್ನ ಒಳ್ಳೇದಕ್ಕೇ.”

ಹಿಂದೆಯೇ ಬಂದಿದ್ದ ಅತ್ತೆಯ ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಯಾಕೆ ಎಂದು ಅವಳು ಕೇಳಿದಳು. ಅಪ್ಪ ತೂಗುಹಾಕಿದ ಕೋವಿಯನ್ನು ನೆಟ್ಟಗೆ ಮಾಡತೊಡಗಿದ. ಅವ್ವ ಅಡುಗೆಮನೆಯಿಂದ ಬಂದು ಎಲ್ಲರ ಮುಂದೆ ಹೇಳಿದಳು.

“ಆವತ್ತು ಪೋಲೀಸ್ನೋರ ಮುಂದೆ ನಿಮ್ಗೆ ತಲೆ ಸರಿಯಿಲ್ಲ ಅಂದ್ರು ಅತ್ತಿಗಮ್ಮ. ನೀವು ನಿಮ್ಮ ಯಜಮಾನ್ರ ಜೊತೆ ಮಾತಾಡದನ್ನ ಏಳಿದ್ರು.”

ಅತ್ತೆ ಅಪ್ಪನನ್ನು ನೋಡಲಿಲ್ಲ. ಜಗಲಿಯ ಕಂಬದ ಹತ್ತಿರ ಕೂತಿದ್ದ ಅಜ್ಜಿಯ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

“ನೀನೂ ಹೂಂ ಅಂದ್ಯಾ ಅವ್ವ?”

“ಮನೇಲಿ ಗಂಡ್ಸು ಇರುವಾಗ ಎಂಗ್ಸಿನ ಕೈಲಿ ಕೋವಿ ಇದ್ರೆ ಜನ ಆಡ್ಕೋತರೆ ಕಣೆ,” ಅಂದಳು ಅಜ್ಜಿ. “ನಿಂಗೇನು ಕೂಳಿಗೆ ಕಮ್ಮಿ ಮಾಡಿದ್ವಾ?”

ನನ್ನ ಬಾಲ್ಯ ಆ ಜಗಲಿಯ ಮೇಲೆ ಮುಗಿಯಿತು. ಅಪ್ಪ ಸುಳ್ಳು ಹೇಳಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿದ್ದು. ಅತ್ತೆ ಮಾವನ ಜೊತೆ ಮಾತಾಡುತ್ತಿದ್ದುದು ನಿಜ. ನಮ್ಮ ಅಡುಗೆಮನೆಯೊಳಗೆ ನಾವು ನಗುನಗುತ್ತಾ ಹಂಚಿಕೊಂಡದ್ದನ್ನು ಅವನು ಎತ್ತಿಕೊಂಡು ಹೋಗಿ ಹೊರಗಿನವರ ಮುಂದೆ ಬೇರೆ ಅರ್ಥಕ್ಕೆ ಇಟ್ಟಿದ್ದ. ಅಂದಿನಿಂದ ಆ ಮನೆಯಲ್ಲಿ ಊಟದ ಹೊತ್ತಿನ ಮಾತು ನಿಂತಿತು. ಯಾರು ಏನು ಹೇಳಿದರೂ ಅದು ಎಲ್ಲಿಗೆ ಹೋಗುತ್ತದೋ ಎಂಬ ಭಯ. ಇವತ್ತಿಗೂ ಯಾರಾದರೂ ಬಹಳ ಮೆದುವಾಗಿ ಮಾತಾಡಿದರೆ ನಾನು ಮೊದಲು ಅವರ ಕೈ ನೋಡುತ್ತೇನೆ.

ಅತ್ತೆ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ನಡುಮನೆಯ ಗೋಡೆಯ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ, ಕೋವಿ ತೂಗುತ್ತಿತ್ತು. ಅದನ್ನು ಒರೆಸಬೇಕು ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ. ನಳಿಗೆಯ ಮೇಲೆ ತುಕ್ಕಿನ ಚುಕ್ಕೆ ಕಂಡಾಗ ಅದನ್ನು ಇಳಿಸಿ ಅತ್ತೆಯ ಮುಂದೆ ತಂದ.

“ಇದನ್ನ ಬಿಚ್ಚದು ಹೆಂಗಕ್ಕ? ಸ್ವಲ್ಪ ಎಣ್ಣೆ ಹಾಕ್ಕೊಡು.”

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು.

“ತಲೆ ಕೆಟ್ಟೋಳ ಕೈಗೆ ಕೊಡ್ಬ್ಯಾಡ ಕಣಪ್ಪ. ಏನಾರ ಆದಾತು.”

ಆ ವರ್ಷದ ಕಳ್ಳೆಕಾಯಿಯನ್ನು ಹಂದಿಗಳೇ ತಿಂದವು. ಕಾಯಲು ಹೋಗುತ್ತೇನೆ ಎಂದಿದ್ದ ಅಪ್ಪ ಅಟ್ಟಣೆ ಹತ್ತಿದ್ದು ಒಂದು ಸಲವೋ ಎರಡು ಸಲವೋ. ಸುಗ್ಗಿಯ ನಂತರ ಅತ್ತೆ ತನ್ನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಹೊಲಕ್ಕೆ ಹೋದಳು. ಅಲ್ಲೇ ತೆಂಗಿನ ಗರಿಯ ಗುಡಿಸಲು ಹಾಕಿಸಿಕೊಂಡಳು. ಹಂದಿಗಳಿಗೆ ತಗಡಿನ ಡಬ್ಬ ಬಡಿಯುತ್ತಿದ್ದಳು. ಮೊದಮೊದಲು ಅವು ಹೆದರಿದವು, ಆಮೇಲೆ ಅದಕ್ಕೂ ಒಗ್ಗಿಕೊಂಡವು. ನಾನು ಆ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬಳೇ ಮಲಗತೊಡಗಿದೆ. ಅಪ್ಪ ಕೋವಿಯನ್ನು ಒಂದು ಮದುವೆಗೆ ಒಯ್ದು ಗಾಳಿಯಲ್ಲಿ ಹಾರಿಸಿದ. ಕೋವಿ ಹಿಂದಕ್ಕೆ ಒದ್ದ ಏಟಿಗೆ ಹೆಗಲು ನೀಲಿಗಟ್ಟಿತು. ಅವ್ವ ಬಿಸಿನೀರಿನ ಶಾಖ ಕೊಟ್ಟಳು. ಅದಾದ ಮೇಲೆ ಅವನು ಅದನ್ನು ಹೊತ್ತುಕೊಂಡು ಹೋಗುತ್ತಿದ್ದ ಅಷ್ಟೇ, ಹಾರಿಸುತ್ತಿರಲಿಲ್ಲ. ಹಾರಿಸುವ ಅಗತ್ಯವೂ ಇರಲಿಲ್ಲ. ಅವನಿಗೆ ಬೇಕಾಗಿದ್ದ ತೂಕ ಸಿಕ್ಕಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ನಡುಮನೆಗೆ ಟೀವಿ ಬಂತು. ಅಷ್ಟು ಹೊತ್ತಿಗೆ ಅಜ್ಜಿ ತೀರಿಹೋಗಿದ್ದಳು, ನಾನು ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದೆ. ರಜೆಗೆ ಬಂದಿದ್ದಾಗ ಒಂದು ಸಂಜೆ ಅಮೇರಿಕದ ಯಾವುದೋ ಕಾಲೇಜಿನಲ್ಲಿ ಹುಡುಗನೊಬ್ಬ ಗುಂಡು ಹಾರಿಸಿದ ಸುದ್ದಿ ಬರುತ್ತಿತ್ತು. ಅಳುವ ಹುಡುಗಿಯರು, ಓಡುವ ಪೊಲೀಸರು. ಆಮೇಲೆ ದೊಡ್ಡ ಟೊಪ್ಪಿ ಹಾಕಿದ ಒಬ್ಬ ಮನುಷ್ಯ ಬಂದು, ನಮ್ಮ ಕೋವಿ ಮುಟ್ಟಲು ಯಾರಿಗೂ ಬಿಡುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಕೆಳಗೆ ಕನ್ನಡದಲ್ಲಿ ಅಕ್ಷರ ಓಡುತ್ತಿತ್ತು. ಅಪ್ಪ ಕೋವಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ.

“ಹಂಗೆ ಕಂಡೋರಿಗೆಲ್ಲ ಕೊಟ್ರೆ ಇದೇ ಆಗದು,” ಅಂದ. “ತಲೆ ಸರಿಯಾಗಿರೋರಿಗೆ ಮಾತ್ರ ಕೊಡ್ಬೇಕು.”

ಅವ್ವ ಎದ್ದು ಹೋಗಿ ಟೀವಿ ಆರಿಸಿದಳು. ಆ ಟೊಪ್ಪಿಯ ಮನುಷ್ಯನ ಹೆಸರು, ಊರು ನನಗೆ ಗೊತ್ತಿಲ್ಲ. ಆದರೆ ಅವನ ಮುಖ ನನಗೆ ಪರಿಚಿತವಾಗಿತ್ತು. ಆಯುಧಪೂಜೆಯ ದಿನ ಜಗಲಿಯಲ್ಲಿ ಬೀದಿ ನೋಡುತ್ತಾ ನಿಲ್ಲುತ್ತಿದ್ದ ಮುಖ ಅದು. ಕೋವಿಯನ್ನು ಕಿತ್ತುಕೊಂಡರೆ ತಾನು ಯಾರೂ ಅಲ್ಲ ಎಂದು ಹೆದರಿದ ಮುಖ.

ಅದೇ ರಜೆಯಲ್ಲಿ ಅಪ್ಪನ ಲೈಸೆನ್ಸು ನವೀಕರಣಕ್ಕೆ ಬಂತು. ವಿಚಾರಿಸಲು ಬಂದದ್ದು ಚಿಕ್ಕ ವಯಸ್ಸಿನ ಹೊಸ ಇನ್ಸ್‌ಪೆಕ್ಟರ್. ಮನೆಯವರ ಮಾತು ಸಾಲದು, ಪಕ್ಕದ ಹೊಲದವರನ್ನೂ ಕೇಳಬೇಕು ಅಂದರು. ನಮ್ಮ ಹೊಲದ ಪಕ್ಕದ್ದೇ ಅತ್ತೆಯ ಹೊಲ. ಅಪ್ಪ ಬೇರೆ ಯಾರನ್ನಾದರೂ ಕರೆಸುತ್ತೇನೆಂದು ನೋಡಿದ, ಅವರು ಒಪ್ಪಲಿಲ್ಲ. ನಾನೇ ಹೋಗಿ ಅತ್ತೆಯನ್ನು ಕರೆದುತಂದೆ. ಅಜ್ಜಿಯ ತಿಥಿಗಳಿಗಲ್ಲದೆ ಅವಳು ನಮ್ಮ ಜಗಲಿ ಹತ್ತಿರಲಿಲ್ಲ. ಹತ್ತಿ ಬಂದು, ಅಜ್ಜಿ ಕೂರುತ್ತಿದ್ದ ಕಂಬಕ್ಕೆ ಒರಗಿ ನಿಂತಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಶರ್ಟಿನ ಗುಂಡಿ ಹಾಕುತ್ತಾ, ಬಿಚ್ಚುತ್ತಾ ನಿಂತಿದ್ದ.

“ನಿಮ್ಮ ತಮ್ಮನವರ ಮೇಲೆ ಏನಾದ್ರೂ ತಕರಾರಿದೆಯಾ ಅಮ್ಮ?” ಕೇಳಿದರು ಇನ್ಸ್‌ಪೆಕ್ಟರು. “ಕುಡಿತ, ಹೊಡೆದಾಟ, ಮಾನಸಿಕ ತೊಂದರೆ, ಅಂಥದ್ದು ಏನಾದ್ರೂ?”

ಬಾಗಿಲಲ್ಲಿ ಅವ್ವ ಕಾಫಿಯ ಲೋಟ ಹಿಡಿದು ನಿಂತಿದ್ದು ನನಗೆ ಕಾಣುತ್ತಿತ್ತು. ಅತ್ತೆ ಹೂಂ ಅಂದಿದ್ದರೆ ಅಷ್ಟೇ ಸಾಕಿತ್ತು. ಏನು ಹೇಳಿದರೂ ಅವಳ ತಪ್ಪೆಂದು ನಾನು ಅನ್ನುತ್ತಿರಲಿಲ್ಲ.

“ಕುಡಿಯಕಿಲ್ಲ ಸಾ,” ಅಂದಳು ಅತ್ತೆ. “ಒಬ್ರ ಮ್ಯಾಲೆ ಕೈ ಮಾಡ್ದೋನಲ್ಲ. ತಲೆಯಂತೂ ಬೋ ಸರಿಯಾಗಿ ಅದೆ.” ಆಮೇಲೆ ಮೊದಲ ಸಲ ಅಪ್ಪನ ಮುಖವನ್ನು ನೆಟ್ಟಗೆ ನೋಡಿದಳು. “ಆವತ್ತೂ ಸರಿಯಾಗೇ ಇತ್ತು.”

“ಯಾವತ್ತು?”

ಕೇಳಿದ ಇನ್ಸ್‌ಪೆಕ್ಟರಿಗೆ ಅತ್ತೆ ಕೈ ಮುಗಿದಳು. ಅವರು ಕಾಫಿ ಕುಡಿದು ಹೊರಟರು. ಅಪ್ಪ ಅವರನ್ನು ಜೀಪಿನವರೆಗೂ ಬಿಡಲು ಹೋಗಲಿಲ್ಲ. ಜಗಲಿಯಂಚಿಗೆ ಕೂತವನು ತಲೆ ಎತ್ತಲೇ ಇಲ್ಲ. ಅವ್ವ ಊಟಕ್ಕೆ ಇರಿ ಅತ್ತಿಗಮ್ಮ ಎಂದಳು. ಗುಡಿಸಲ ಮುಂದೆ ಕಳ್ಳೆಕಾಯಿ ಹರವಿ ಬಂದಿದ್ದೇನೆ, ಕಾಗೆ ಬರುತ್ತವೆ ಎಂದು ಅತ್ತೆ ಮೆಟ್ಟಿಲಿಳಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೋದೆ. ಊರು ದಾಟಿ ಕೆರೆ ಏರಿಯ ಮೇಲೆ ಬಂದಾಗ, ಅಪ್ಪನನ್ನು ಯಾಕೆ ಬಿಟ್ಟುಬಿಟ್ಟೆ ಎಂದು ಕೇಳಿದೆ.

“ಬುಡಾದೇನು ಬಂತು? ನಿಜ ಏಳ್ದೆ ಕಣ್ ಮಗ,” ಅಂದಳು ಅತ್ತೆ. “ಪೋಲೀಸ್ನೋರ ಮುಂದೆ ಯಾರಾರ ಒಬ್ರು ನಿಜ ಏಳ್ಬೇಕಲ್ಲ.”